ನೀರಾದ ಗಂಜಿ

ಮಧ್ವರಾಜ ಭಟ್ಟರ ಕೈರುಚಿಯ ಬಗ್ಗೆ ಕೋಲ್ಕತ್ತದ ಕನ್ನಡಿಗರಲ್ಲಿ ಎರಡು ಮಾತಿಲ್ಲ. ಲೇಕ್ ಗಾರ್ಡನ್ಸ್ ಸ್ಟೇಷನ್ನಿನಿಂದ ನಾಲ್ಕು ಹೆಜ್ಜೆ ಹಾಕಿದರೆ ಅವರ ಊಟದ ಮನೆ. ಮದುವೆಯಿರಲಿ, ಮುಂಜಿಯಿರಲಿ, ಶ್ರಾದ್ಧವಿರಲಿ, ರೈಲ್ವೆಯವರ ಮನೆಯದಿರಲಿ, ಬ್ಯಾಂಕಿನವರ ಮನೆಯದಿರಲಿ, "ಭಟ್ರಿಗೆ ಹೇಳಿದ್ದೀರಾ?" ಎಂಬುದೇ ಮೊದಲ ಪ್ರಶ್ನೆ. ಇಷ್ಟೆಲ್ಲ ಹೆಸರಿದ್ದ ಈ ಮಹಾನುಭಾವರು ತಮ್ಮ ಮನೆಯ ಅಡುಗೆಕೋಣೆಗೆ ಕಾಲಿಟ್ಟವರಲ್ಲ ನೋಡಿ! ಹೊರಗೆ ಕೊಪ್ಪರಿಗೆಗಟ್ಟಲೆ ಬೇಯಿಸಿ ಬಂದು ಮನೆಯಲ್ಲಿ ತಟ್ಟೆಯ ಮುಂದೆ ಕೂತರೆ ಬಡಿಸಬೇಕಾದವಳು ಹೆಂಡತಿ ಅಂಬುಜಾ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆಕೆಗೆ ಒಂದು ಲೋಟ ಗಂಜಿ ಕಾಯಿಸಿ ಕೊಟ್ಟ ನೆನಪು ಅವರಿಗಿಲ್ಲ. ಜ್ವರ ಬಂದ ದಿನವೂ ಆಕೆಯೇ ಎದ್ದು ತನ್ನ ಗಂಜಿ ತಾನೇ ಮಾಡಿಕೊಂಡವಳು.

ಆ ಅಂಬುಜಾ ಈಗ ಬೈಪಾಸ್ ರಸ್ತೆಯ ಪಕ್ಕದ ಆಸ್ಪತ್ರೆಯ ಏಳನೆಯ ಮಹಡಿಯಲ್ಲಿ ಗಾಜಿನ ಕೋಣೆಯೊಳಗೆ ಮಲಗಿದ್ದಾಳೆ. ರಕ್ತದ ಕ್ಯಾನ್ಸರ್. ಊರಿನಿಂದ ಅವಳ ಅಣ್ಣನನ್ನು ಕರೆಸಿ, ಅವನ ಮೂಳೆಮಜ್ಜೆ ತೆಗೆದು ಇವಳಿಗೆ ಹಾಕಿ ಹನ್ನೆರಡು ದಿನವಾಗಿತ್ತು. ಹಳೆಯ ಮಜ್ಜೆಯನ್ನು ಔಷಧ ಕೊಟ್ಟು ಕೊಂದಾಗಿದೆ, ಹೊಸದು ಇನ್ನೂ ಹಿಡಿದಿಲ್ಲ. ಮೈಯಲ್ಲಿ ಬಿಳಿ ರಕ್ತಕಣ ಎಂಬುದು ಹೆಸರಿಗೂ ಇಲ್ಲ. ತುಟಿಯಿಂದ ಗಂಟಲಿನ ತಳದವರೆಗೆ ಹುಣ್ಣು, ಮಾತು ನಿಂತೇ ಹೋಗಿದೆ. ಮೂಗಿನಿಂದ ನಳಿಗೆ ಇಳಿಸಲು ನೋಡಿದರು, ರಕ್ತ ನಿಲ್ಲಲಿಲ್ಲ. ನರದ ಮೂಲಕ ಆಹಾರ ಕೊಟ್ಟರು, ಆ ನಳಿಗೆಯೇ ಎರಡು ಸಲ ಸೋಂಕು ತಂದಿತು. ಆಸ್ಪತ್ರೆಯ ಡಬ್ಬಿಯ ಪುಡಿಯನ್ನು ಕಲಸಿ ಕೊಟ್ಟರೆ ಆ ವೆನಿಲಾ ವಾಸನೆಗೇ ವಾಂತಿ. ಹೊಟ್ಟೆಗೆ ಏನಾದರೂ ಬಿದ್ದು ನಾಲ್ಕು ದಿನ.

ಡಾಕ್ಟರ್ ಮ್ಯಾಡಮ್ ಭಟ್ಟರನ್ನು ಎದುರಿಗೆ ಕೂರಿಸಿಕೊಂಡು, ಬಂಗಾಳಿ ಬೆರೆತ ಹಿಂದಿಯಲ್ಲಿ ಸುತ್ತುಬಳಸಿಲ್ಲದೆ ಹೇಳಿದ್ದರು. ಹೊಸ ಮಜ್ಜೆ ಹಿಡಿಯಲು ಇನ್ನೂ ಹದಿನೈದು ಹದಿನಾರು ದಿನ ಬೇಕು. ಅಲ್ಲಿಯವರೆಗೆ ದಿನಕ್ಕೆ ಒಂದು ಲೋಟದಷ್ಟಾದರೂ ಗಟ್ಟಿ ಆಹಾರ ಬಾಯಿಂದ ಇಳಿಯಲೇಬೇಕು. ಇಳಿಯದಿದ್ದರೆ ಆ ದಿನ ನೋಡಲು ಆಕೆ ಇರುವುದಿಲ್ಲ.

"ಮನೆಯಿಂದ ತರ್ತೇನೆ ಮ್ಯಾಡಮ್, ನಾನು ಅಡುಗೆಯವನೇ," ಎಂದಿದ್ದರು ಭಟ್ಟರು. ಮ್ಯಾಡಮ್ ಅವರ ಕೈಯನ್ನೇ ನೋಡಿ, ಆ ಕೈಯಲ್ಲಿರುವ ಒಂದು ಕ್ರಿಮಿ ಸಾಕು ಎಂದರು. ಆರೋಗ್ಯವಂತರಿಗೆ ಏನೂ ಮಾಡದ ಕ್ರಿಮಿ ಆ ಕೋಣೆಯೊಳಗೆ ಹೋದರೆ ಮೂರೇ ದಿನ. ಸೀಲ್ ಆಗಿರಬೇಕು, ಒಳಗೆ ಜೀವವಿರುವ ಯಾವುದೂ, ಕುದಿಸಿದರೂ ಸಾಯದ ಕ್ರಿಮಿಯೂ ಇರಬಾರದು, ವಾರ್ಡಿನೊಳಗೇ ತೆರೆಯಬೇಕು. ಅಂಥ ಅನ್ನ ಎಲ್ಲಿ ಸಿಗುತ್ತದೆ? ಮೂವತ್ತೈದು ವರ್ಷ ಮಡಿಯುಟ್ಟು ಅಡುಗೆ ಮಾಡಿದ ಭಟ್ಟರಿಗೆ ತಮ್ಮ ಕೈಯೇ ಮೈಲಿಗೆ ಎಂದು ಕೇಳಿಸಿಕೊಂಡು ಅಳು ಬಂದುಬಿಟ್ಟಿತು.

ಆಗ ಒದಗಿ ಬಂದವರು ಹಯವದನರಾಯರು. ಡಮ್ ಡಮ್‌ನವರು, ಅಂದರೆ ಹುಟ್ಟು ಧಾರವಾಡ, ಮೂವತ್ತು ವರ್ಷದಿಂದ ವಾಸ ಡಮ್ ಡಮ್. ಒಂದು ಸರ್ಕಾರಿ ಪ್ರಯೋಗಾಲಯದ ವಿಜ್ಞಾನಿ. ಹೆಂಡತಿ ತೀರಿಕೊಂಡ ಮೇಲೆ ಭಾನುವಾರದ ಊಟ ಭಟ್ಟರಲ್ಲೇ. ಅವರ ಕಸುಬು ಕೇಳಿದರೆ ಭಟ್ಟರಿಗೆ ನಗು ಬರುತ್ತಿತ್ತು. ಆಳೆತ್ತರದ ದಪ್ಪ ಗೋಡೆಯ ಕೋಣೆಯೊಳಗೆ ಕೋಬಾಲ್ಟ್ ಸರಳುಗಳಿವೆಯಂತೆ, ಅವುಗಳಿಂದ ಗ್ಯಾಮಾ ಕಿರಣ ಹೊಮ್ಮುತ್ತದಂತೆ. ಒಂದೊಂದೇ ವಸ್ತುವನ್ನು ಅದಕ್ಕೆ ಒಡ್ಡಿ, ಆಮೇಲೆ ಅದು ಏನಾಯಿತೆಂದು ನೋಡುವುದೇ ರಾಯರ ಕೆಲಸ. ಬಿಳಿ ಗಾಜು ಕಾಫಿ ಬಣ್ಣಕ್ಕೆ ತಿರುಗುತ್ತದೆ. ಒಂದು ಜಾತಿಯ ಪ್ಲಾಸ್ಟಿಕ್ ಗಟ್ಟಿಯಾಗುತ್ತದೆ, ಇನ್ನೊಂದು ಜಾತಿಯದು ಹಪ್ಪಳದ ಹಾಗೆ ಮುರಿಯುತ್ತದೆ.

"ಅಂದ್ರೆ ಬೆಂಕಿ ಇಲ್ಲದೆ ಬೇಯಿಸುದು ಅನ್ನಿ ರಾಯರೇ," ಎಂದು ಭಟ್ಟರು ಚೇಷ್ಟೆ ಮಾಡಿದ್ದರು ಒಮ್ಮೆ.

"ಬೇಯಂಗಿಲ್ರೀ ಭಟ್ರ. ಒಳಗಿನ ಜೋಡಣಿ ಬದಲಾಗ್ತದ. ಕಿರಣ ಹಾದು ಹೋಗಿಬಿಡ್ತದ, ಒಳಗ ಉಳಿಯಂಗಿಲ್ಲ. ಆದ್ರ ಹಾದು ಹೋಗೂ ಮುಂದ ಕ್ರಿಮಿ ಇದ್ರ ಕ್ರಿಮಿನೂ ಸಾಯ್ತದ."

ಕ್ರಿಮಿಯೂ ಸಾಯುತ್ತದೆ! ಈ ಮಾತು ಭಟ್ಟರಿಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನೆನಪಾಗಿ, ನಿಂತಲ್ಲಿಂದಲೇ ಫೋನ್ ಮಾಡಿದ್ದರು. ಇಂಥ ರೋಗಿಗಳ ಆಹಾರದ ಮೇಲೆಯೇ ರಾಯರ ಲ್ಯಾಬಿನಲ್ಲಿ ಮೂರು ವರ್ಷದಿಂದ ಸಂಶೋಧನೆ ನಡೆದಿತ್ತು, ಅನುಮತಿಯ ಕಾಗದಗಳೂ ಇದ್ದವು. ರಾಯರು ಡಾಕ್ಟರ್ ಮ್ಯಾಡಮ್ ಜೊತೆ ಎರಡು ದಿನ ಕೂತು ಮಾತಾಡಿ ಎಲ್ಲ ಗೊತ್ತು ಮಾಡಿದರು. ಭಟ್ಟರು ಬೇಯಿಸುವುದು, ಲ್ಯಾಬಿನಲ್ಲಿ ಸೀಲ್ ಮಾಡಿ ಮಂಜುಗಟ್ಟಿಸಿ ಕಿರಣ ಹಾಯಿಸುವುದು, ಅದು ಕರಗಿದ ಮೇಲೆ ಭಟ್ಟರು ತಂದು ವಾರ್ಡಿಗೆ ಕೊಡುವುದು.

ಮೊದಲ ಸಲ ಭಟ್ಟರು ಮಾಡಿಕೊಟ್ಟದ್ದು ನುಣ್ಣಗೆ ಅರೆದ ಸಾರು ಅನ್ನ. ಎಣ್ಣೆ, ತುಪ್ಪ ಬೇಡ, ಕಿರಣ ಬಿದ್ದರೆ ಕಮಟುತ್ತದೆ ಎಂದು ರಾಯರು ಸಾರಿ ಸಾರಿ ಹೇಳಿದ್ದರು. ಆದರೆ ಒಗ್ಗರಣೆಯಿಲ್ಲದ ಸಾರನ್ನು ಸಾರು ಅನ್ನುತ್ತಾರೆಯೇ? ಹೆಂಡತಿಗೆ ಜನ್ಮದಲ್ಲಿ ಮೊದಲ ಸಲ ಮಾಡುವ ಅಡುಗೆ! ಎರಡು ಚಮಚ ತುಪ್ಪ, ಇಂಗು, ಸಾಸಿವೆ. ಲ್ಯಾಬಿನವರ ಪ್ಯಾಕೆಟ್ಟಿನ ಬದಲು ತಮ್ಮದೇ ಹೊಸ ಪ್ಲಾಸ್ಟಿಕ್ ಡಬ್ಬಿ. ಅದರಲ್ಲೇ ಆಗಲಿ ಎಂದು ಹಟ ಹಿಡಿದಿದ್ದರು. ವಾರ್ಡಿನಲ್ಲಿ ನರ್ಸು ಮುಚ್ಚಳ ಒತ್ತಿದ್ದೇ ತಡ, ಡಬ್ಬಿ ಮೂಲೆಯಿಂದ ಮೂಲೆಗೆ ಚಟಾರನೆ ಒಡೆಯಿತು. ಒಳಗಿನಿಂದ ಕಮಟು ಎಣ್ಣೆಯ ವಾಸನೆ ಗಪ್ಪನೆ ಎದ್ದಿತು. ಅಂಬುಜಾ ಹೊಟ್ಟೆಯಲ್ಲಿ ಏನೂ ಇಲ್ಲದೆಯೇ ವಾಂತಿ ಮಾಡಿದಳು, ಬಂದದ್ದು ಬರೀ ರಕ್ತ. ಗಾಜಿನ ಈಚೆ ನಿಂತು ಭಟ್ಟರು ನೋಡಿದರು. ಇನ್ನು ಮುಂದೆ ತಾನು ಕಣ್ಣಾರೆ ಪರೀಕ್ಷಿಸದೆ ಒಂದು ಅಗುಳನ್ನೂ ಆ ಕೋಣೆಗೆ ಕಳಿಸುವುದಿಲ್ಲವೆಂದು ಅಲ್ಲೇ ಕೃಷ್ಣನ ಮೇಲೆ ಆಣೆ ಹಾಕಿಕೊಂಡರು.

ಆ ಆಣೆಯೇ ಮುಂದೆ ಕುತ್ತಿಗೆಗೆ ಬಂತು.

ಎರಡನೆಯ ಸಲ ಬರೀ ಗಂಜಿ. ಕುಚ್ಚಲಕ್ಕಿ, ನೀರು, ಉಪ್ಪು. ಎಷ್ಟು ಅಕ್ಕಿ ಎಂದು ಮ್ಯಾಡಮ್ ಬರೆದುಕೊಟ್ಟ ಚೀಟಿ ನೋಡಿ ಭಟ್ಟರು ಕಂಗಾಲಾದರು. "ಇಷ್ಟು ಸಣ್ಣ ಲೋಟಕ್ಕೆ ಇಷ್ಟು ಅಕ್ಕಿ ಹಾಕಿದ್ರೆ ಅದು ಗಂಜಿ ಅಲ್ಲ ರಾಯರೇ, ಹಲ್ವ ಆಗ್ತದೆ. ಸೌಟು ನಟ್ಟಗೆ ನಿಲ್ತದೆ. ಅವಳು ನುಂಗುದು ಹೇಗೆ?"

"ಅದರ ಚಿಂತಿ ನಿಮಗ ಬ್ಯಾಡ್ರೀ. ಅದು ನಮ್ಮ ಕೆಲಸ. ನೀವು ಬರದಷ್ಟು ಹಾಕ್ರಿ, ನುಣ್ಣಗ ಅರೀರಿ," ಎಂದರು ರಾಯರು.

ವಾರ್ಡಿನಲ್ಲಿ ಬಿಸಿನೀರು ಬೆರೆಸಿ ಕೊಡುತ್ತಾರೇನೋ ಎಂದು ಭಟ್ಟರು ತಮ್ಮಷ್ಟಕ್ಕೆ ಅರ್ಥ ಮಾಡಿಕೊಂಡರು. ರಾಯರಿಗೆ ಇನ್ನೂ ಒಂದು ಮಾತು ಬಿಡಿಸಿ ಹೇಳಬೇಕೆಂದು ಹೊಳೆಯಲಿಲ್ಲ. ಹೇಳಬೇಕಾದ್ದನ್ನೆಲ್ಲ ಅವರು ಡಾಕ್ಟರಿಗೆ ಹೇಳಿದ್ದರು. ಓದಿದವರು ಓದಿದವರಿಗೆ ಹೇಳುತ್ತಾರೆ, ಒಲೆಯ ಮುಂದೆ ನಿಂತವನಿಗೆ ಯಾರು ಹೇಳುತ್ತಾರೆ?

ಹದಿನಾಲ್ಕು ಬೆಳ್ಳಿ ಬಣ್ಣದ ಪ್ಯಾಕೆಟ್ಟುಗಳು ತಯಾರಾದವು. ನಿಯಮದಂತೆ ಎರಡನ್ನು ಲ್ಯಾಬಿನಲ್ಲಿ ಇಟ್ಟುಕೊಂಡು, ಉಳಿದ ಹನ್ನೆರಡನ್ನು ನವರಾತ್ರಿಯ ಪಂಚಮಿಯ ಬೆಳಿಗ್ಗೆ ಭಟ್ಟರ ಕೈಗೆ ಕೊಟ್ಟರು. ಹನ್ನೆರಡು ದಿನಕ್ಕೆ ಹನ್ನೆರಡು. ಮರುದಿನದಿಂದ ಪೂಜೋ, ಅಂದರೆ ದುರ್ಗಾಪೂಜೆಯ ರಜೆ. ಲ್ಯಾಬು ತೆರೆಯುವುದು ಹುಣ್ಣಿಮೆಯ ಲಕ್ಷ್ಮೀಪೂಜೆ ಕಳೆದ ಮೇಲೆಯೇ, ಆ ಬಿಡುವಿನಲ್ಲಿ ಕೋಬಾಲ್ಟ್ ಸರಳುಗಳನ್ನು ನೀರಿನ ತೊಟ್ಟಿಯಿಂದ ಮೇಲೆತ್ತುವ ಯಂತ್ರದ ರಿಪೇರಿ. "ಇವನ್ನ ಜೋಪಾನ ಮಾಡ್ರಿ. ಸೀದಾ ದವಾಖಾನಿಗೆ ಒಯ್ದು ಕೊಡ್ರಿ," ಎಂದು ರಾಯರು ಎರಡೆರಡು ಸಲ ಹೇಳಿದರು.

ಸೀದಾ ಹೋಗಬಹುದಿತ್ತು. ಆದರೆ ವಾರ್ಡಿನವರು ಹೊರಗಿನ ವಸ್ತು ತೆಗೆದುಕೊಳ್ಳುವುದು ಸಂಜೆ ನಾಲ್ಕಕ್ಕೆ. ಆಗಿನ್ನೂ ಹನ್ನೊಂದು ಗಂಟೆ. ಭಟ್ಟರು ಮನೆಗೆ ಬಂದು, ಕೈಕಾಲು ತೊಳೆದು, ಪೆಟ್ಟಿಗೆಯನ್ನು ಅಡುಗೆಕೋಣೆಯ ಕಟ್ಟೆಯ ಮೇಲಿಟ್ಟರು. ಒಂದು ಪ್ಯಾಕೆಟ್ ಎತ್ತಿಕೊಂಡು ಬೆರಳಿನಿಂದ ಒತ್ತಿದರು.

ಒಳಗೆ ಏನೋ ಕುಳಕ್ ಎಂದಿತು.

ಅವರು ಇನ್ನೊಮ್ಮೆ ಅಲ್ಲಾಡಿಸಿದರು. ನೀರು! ಸೌಟು ನಿಲ್ಲುವಷ್ಟು ಗಟ್ಟಿ ಇದ್ದ ಗಂಜಿ ಎಳನೀರಿನ ಹಾಗೆ ಓಲಾಡುತ್ತಿತ್ತು. ಗಂಜಿ ನೀರೊಡೆಯುವುದು ಯಾವಾಗ ಎಂದು ಯಾವ ಅಡುಗೆಯವನನ್ನು ಬೇಕಾದರೂ ಕೇಳಿ, ಹಳಸಿದಾಗ. ಕಿರಣ ಸರಿಯಾಗಿ ಬಿದ್ದಿಲ್ಲ, ಒಳಗೆ ಹುಳಿ ಎದ್ದಿದೆ, ಇದನ್ನು ಕೊಟ್ಟರೆ ಅಂಬುಜಾ ಸಾಯುತ್ತಾಳೆ. ಕತ್ತರಿ ತಂದು ಪ್ಯಾಕೆಟ್ಟಿನ ಮೂಲೆ ಕತ್ತರಿಸಿದರು. ಮೂಸಿದರು. ಹುಳಿ ವಾಸನೆ ಇರಲಿಲ್ಲ, ಏನೋ ಒಂದು ಸುಟ್ಟಂಥ, ಹೆಸರಿಡಲಾಗದ ವಾಸನೆ. ಅಂಗೈಗೆ ಒಂದು ತೊಟ್ಟು ಬಿಟ್ಟು ನಾಲಿಗೆಗೆ ಹಚ್ಚಿದರು. ತುಸು ಸಿಹಿ. ಅಲ್ಲಿಗೆ ಮುಗಿಯಿತು, ಹುದುಗು ಹಿಡಿಯುವ ಮೊದಲ ಲಕ್ಷಣವೇ ಅದು.

ಅನ್ನ ಬೆಂದಿದೆಯೋ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು. ಈ ಗಾದೆಯನ್ನು ಎಷ್ಟು ಜನ ಶಿಷ್ಯರಿಗೆ ಹೇಳಿಲ್ಲ ಭಟ್ಟರು! ಆದರೆ ಆ ದಿನ ಅವರಿಗೆ ಒಂದು ಅಗುಳು ಸಾಲಲಿಲ್ಲ. ಹಳಸಿದ್ದು ಇದೊಂದೇ ಇರಬಹುದಲ್ಲ? ಒಂದಾದರೂ ಗಟ್ಟಿಯಾಗಿ ಉಳಿದಿರಬಹುದಲ್ಲ? ಎರಡನೆಯದನ್ನು ಕತ್ತರಿಸಿದರು. ನೀರು. ಮೂರನೆಯದು, ನೀರು. "ಇದಾದ್ರೂ, ಕೃಷ್ಣಾ, ಇದಾದ್ರೂ..." ಎನ್ನುತ್ತ ನಾಲ್ಕು, ಐದು, ಆರು. ಕತ್ತರಿ ನಿಲ್ಲಲಿಲ್ಲ. ಕೊನೆಯ ಎರಡು ಉಳಿದಾಗ ಒಂದು ಕ್ಷಣ ತಡೆದರು. ತಡೆದವರು ಹಾಗೆಯೇ ಇಟ್ಟುಬಿಡಬಾರದಿತ್ತೇ? ಇಲ್ಲ. ಆಸೆ ಎಂಬುದು ಸುಮ್ಮನಿರಲು ಬಿಡುತ್ತದೆಯೇ? ಅವನ್ನೂ ಕತ್ತರಿಸಿದರು.

ಅನ್ನವನ್ನು ಮೋರಿಗೆ ಚೆಲ್ಲುವ ಪದ್ಧತಿ ಅವರಲ್ಲಿಲ್ಲ. ಹನ್ನೆರಡನ್ನೂ ಒಂದು ದೊಡ್ಡ ಪಾತ್ರೆಗೆ ಸುರಿದು, ದನಕ್ಕೆ ಹಾಕಿಸಿದರಾಯಿತೆಂದು ಬದಿಗಿಟ್ಟರು. ಆಮೇಲೆ ಸಿಟ್ಟಿನಿಂದ ಬೆವರುತ್ತ ರಾಯರಿಗೆ ಫೋನ್ ಹಚ್ಚಿದರು.

"ಎಂತ ಮಾರಾಯ್ರೆ ನೀವು ಮಾಡಿದ್ದು? ಗಂಜಿ ಪೂರ ನೀರೊಡ್ದು ಹೋಗಿದೆ! ನಿಮ್ಮ ಯಂತ್ರ ಸರಿ ಉಂಟಾ ಇಲ್ವಾ?"

ಆ ಕಡೆ ರಾಯರು ಸಂತೋಷದಿಂದಲೇ ನಕ್ಕರು. "ನೀರಾಗೇದಲ್ಲ? ಹಂಗ ಆಗಬೇಕ್ರೀ! ಅದಕ್ಕೇ ಅಲ್ಲೇನು ನಾವು ಇಷ್ಟು ಒದ್ದಾಡಿದ್ದು. ಅಕ್ಕಿಯೊಳಗಿನ ಪಿಷ್ಟ ಅಂದ್ರ ಉದ್ದುದ್ದ ಸರಪಳಿ ಇದ್ದಂಗ. ಒಂದಕ್ಕೊಂದು ತೊಡಕೊಂಡಿರ್ತಾವ, ಅದಕ್ಕ ಗಂಜಿ ಗಟ್ಟಿ. ಕಿರಣ ಬಿದ್ದ ಕೂಡ್ಲೆ ಸರಪಳಿ ತುಂಡ ತುಂಡ. ಗಂಜಿ ನೀರಾಗ್ತದ. ಆದ್ರ ಅಕ್ಕಿ ಎಲ್ಲಿ ಹೋತು? ಎಲ್ಲೂ ಹೋಗಿಲ್ಲ, ಒಳಗ ಅದ. ಹುಣ್ಣಿನ ಗಂಟಲಿಗೆ ನೀರಿನಂಗ ಇಳೀತದ, ಹೊಟ್ಟಿಗೆ ಹೋಗಿ ಒಂದು ತಾಟು ಅನ್ನ ಆಗ್ತದ. ಇನ್ನ ಚಿಂತಿ ಬಿಡ್ರಿ."

ಭಟ್ಟರು ಬದಿಗಿಟ್ಟ ಪಾತ್ರೆಯ ಕಡೆ ತಿರುಗಿದರು.

"ಭಟ್ರ? ಕೇಳಸ್ತದೇನು? ನಿಮಗ ಹೆಂಗ ಗೊತ್ತಾತು ನೀರಾದದ್ದು?" ರಾಯರ ದನಿ ಬದಲಾಯಿತು. "ತೆರದ್ರೇನು? ಎಷ್ಟು ತೆರದೀರಿ?"

"ಎಲ್ಲ."

"ಎಲ್ಲ ಅಂದ್ರ?"

"ಹನ್ನೆರಡೂ, ರಾಯರೇ."

ಕೆಳಗೆ ಬೀದಿಯಲ್ಲಿ ದುರ್ಗೆಯ ಪಾಂಡಾಲಿನಲ್ಲಿ ಢಾಕ್ ಡೋಲು ಬಾರಿಸಿ ನೋಡುತ್ತಿದ್ದರು, ಮೈಕಿನಲ್ಲಿ ಯಾರೋ ಒಂದು ಎರಡು ಮೂರು ಎಣಿಸುತ್ತಿದ್ದರು.

"ಪುನಃ ಸೀಲ್ ಮಾಡಿದ್ರೆ ಆಗುದಿಲ್ವಾ?" ಎಂದರು ಭಟ್ಟರು. "ಪುನಃ ಒಂದು ಸಲ ಕಿರಣ ಹಾಯಿಸಿ. ನಾನು ಈಗ್ಲೇ ಟ್ಯಾಕ್ಸಿ ಮಾಡಿ ತರ್ತೇನೆ. ನಿಮ್ಮ ಕಾಲಿಗೆ ಬೀಳ್ತೇನೆ ಮಾರಾಯ್ರೆ."

"ಭಟ್ರ, ಯಂತ್ರದ ಮೋಟಾರ್ ಬಿಚ್ಚಿಬಿಟ್ಟಾರ. ನಾ ಲ್ಯಾಬಿನಿಂದ ಹೊರಡೂ ಮುಂದ ನನ್ನ ಕಣ್ಣೆದುರಿಗೇ ಬಿಚ್ಚಿದ್ರು. ಸರಳು ಎಲ್ಲಾ ನೀರಿನ ತಳಕ್ಕ ಇಳದಾವ. ಅವನ್ನ ಮ್ಯಾಲೆ ತರ್ಲಿಕ್ಕೆ ಯಾರ ಕೈಲೂ ಆಗಂಗಿಲ್ಲ. ಬ್ಯಾರೆ ಊರಿನ ಲ್ಯಾಬಿಗೆ ಹೋಗಬೇಕಂದ್ರ ಹೊಸ ಪರ್ಮಿಷನ್ ಬೇಕು, ಈ ರಜಾದಾಗ ಸಹಿ ಹಾಕವರು ಯಾರು?"

ಭಟ್ಟರು ಫೋನ್ ಕೆಳಗಿಟ್ಟು ಪಾತ್ರೆಯ ಮುಂದೆ ಕೂತರು. ಅಂಬುಜಾಳ ಹನ್ನೆರಡು ದಿನದ ಜೀವ ಅದರಲ್ಲಿ ತಣ್ಣಗೆ ಕೂತಿತ್ತು. ನೋಡಲು ತಿಳಿನೀರು. ಒಳಗೆ ಅಷ್ಟೂ ಅಕ್ಕಿ. ಮೂವತ್ತೈದು ವರ್ಷದ ಅನುಭವ ಎಂದು ಎದೆ ತಟ್ಟಿಕೊಳ್ಳುತ್ತಿದ್ದೆಯಲ್ಲ, ಆ ಅನುಭವವೇ ಅವಳನ್ನು ಕೊಂದಿತು ಎಂದು ಅವರಿಗೆ ಅವರೇ ಹೇಳಿಕೊಂಡರು. ಹಣೆ ಹಣೆ ಬಡಿದುಕೊಂಡರು. ಏನೂ ಗೊತ್ತಿಲ್ಲದ ಮೂಢನಾಗಿದ್ದರೆ ಪೆಟ್ಟಿಗೆಯನ್ನು ಹಾಗೆಯೇ ವಾರ್ಡಿಗೆ ಕೊಟ್ಟು ಬರುತ್ತಿದ್ದರು.

ಅರ್ಧ ಗಂಟೆಯ ಮೇಲೆ ರಾಯರೇ ಫೋನ್ ಮಾಡಿದರು. ಲ್ಯಾಬಿನಲ್ಲಿ ಇಟ್ಟುಕೊಂಡ ಎರಡರಲ್ಲಿ ಒಂದನ್ನು ಕ್ರಿಮಿ ಪರೀಕ್ಷೆಗೆ ತೆರೆದಾಗಿತ್ತು. ಇನ್ನೊಂದು ಇದೆ. ನಿಯಮದ ಪ್ರಕಾರ ಅದು ಲ್ಯಾಬು ಬಿಟ್ಟು ಹೊರಗೆ ಹೋಗುವಂತಿಲ್ಲ. "ನಿಯಮ ಹಾಳಾಗಿ ಹೋಗ್ಲಿ. ನಾಳೆ ಮುಂಜಾನೆ ಕೀಲಿ ತೆಗಿಸಿ ನಾನೇ ತರ್ತೀನಿ. ನೀವು ಮಾತ್ರ ಅದನ್ನ ಮುಟ್ಟಬ್ಯಾಡ್ರಿ."

ಷಷ್ಠಿಯ ದಿನ ಊರಿಗೆ ಊರೇ ಹೊಸ ಬಟ್ಟೆ ಹಾಕಿಕೊಂಡು ಬೀದಿಗೆ ಇಳಿದಿತ್ತು. ಜನಜಂಗುಳಿಯಲ್ಲಿ ಟ್ಯಾಕ್ಸಿ ಕದಲದೆ, ರಾಯರು ಕೊನೆಯ ಎರಡು ಮೈಲಿ ನಡೆದೇ ಬಂದರು. ಐವತ್ತೊಂಬತ್ತರ ಮನುಷ್ಯ, ತಂಪು ಪೆಟ್ಟಿಗೆಯನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡಿದ್ದರು. ಅಂಗಿ ಒದ್ದೆಯಾಗಿ ಮೈಗೆ ಅಂಟಿತ್ತು. ಭಟ್ಟರು ಏಳನೆಯ ಮಹಡಿಯ ಲಿಫ್ಟಿನ ಬಾಗಿಲಲ್ಲೇ ಕಾಯುತ್ತಿದ್ದರು. ಪೆಟ್ಟಿಗೆ ಕಂಡೊಡನೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರ ಸರಿದು ನಿಂತರು.

ಡಾಕ್ಟರ್ ಮ್ಯಾಡಮ್ ನಿನ್ನೆಯೇ ಎಲ್ಲ ಕೇಳಿ ತಿಳಿದಿದ್ದರು. ಬೈಯಲಿಲ್ಲ. ಅವರು ಬೈದಿದ್ದರೆ ಭಟ್ಟರಿಗೆ ಎಷ್ಟೋ ಹಗುರಾಗುತ್ತಿತ್ತು. "ಮೊದಲು ಇದು ಇಳಿಯಲಿ. ಇಳಿದು ನಿಂತರೆ ಗಂಟಲು ಒಪ್ಪುತ್ತದೆ ಎಂದಾಯಿತು," ಎಂದಷ್ಟೇ ಹೇಳಿ ಒಳಗೆ ಹೋದರು.

ಗಾಜಿನ ಕೋಣೆಯೊಳಗೆ ಅಂಬುಜಾಳ ಜೊತೆ ಇರಲು ಒಬ್ಬರಿಗೆ ಮಾತ್ರ ಅನುಮತಿ. ಅದು ಮಗಳು ಶ್ರೀರಕ್ಷಾ. ಇಪ್ಪತ್ತೊಂದರ ಹುಡುಗಿ ಕಾಲೇಜು ಬಿಟ್ಟು, ತಲೆಯಿಂದ ಕಾಲಿನವರೆಗೆ ನೀಲಿ ಗೌನಿನಲ್ಲಿ ಮುಚ್ಚಿಕೊಂಡು ಹದಿನೇಳು ದಿನದಿಂದ ಅಲ್ಲೇ ಇದ್ದಾಳೆ. ಹೊರಗಿನವರ ಜೊತೆ ಮಾತಾಡಲು ಗಾಜಿನ ಎರಡೂ ಕಡೆ ಒಂದೊಂದು ಫೋನಿದೆ. ಭಟ್ಟರು ಈಚೆಯ ರಿಸೀವರನ್ನು ಕಿವಿಗೆ ಒತ್ತಿ ಹಿಡಿದು ನಿಂತರು.

ನರ್ಸು ಪ್ಯಾಕೆಟ್ ತೆರೆದು ಲೋಟಕ್ಕೆ ಬಗ್ಗಿಸಿದಳು. ಶ್ರೀರಕ್ಷಾ ಒಂದು ಚಮಚ ತೆಗೆದು ತಾಯಿಯ ತುಟಿಗೆ ಹಿಡಿದಳು. ಅಂಬುಜಾ ಚಮಚದೊಳಗೆ ನೋಡಿದಳು. ತಲೆಯ ಮೇಲೆ ಒಂದು ಕೂದಲಿಲ್ಲ, ಕೆನ್ನೆ ಗುಳಿ ಬಿದ್ದಿದೆ, ಆದರೆ ಆ ಕಣ್ಣು ಮಾತ್ರ ಬಡಿಸುವಾಗ ಯಾರ ಎಲೆಯಲ್ಲಿ ಏನಿಲ್ಲ ಎಂದು ನೋಡುತ್ತಿದ್ದ ಅದೇ ಕಣ್ಣು. ಆಕೆ ಬಾಯಿ ಮುಚ್ಚಿಕೊಂಡು ಮುಖ ಆಚೆ ತಿರುಗಿಸಿದಳು.

"ಅಮ್ಮ, ಪ್ಲೀಸ್. ಒಂದೇ ಒಂದು. ಅಪ್ಪನೇ ಮಾಡಿದ್ದು," ಎಂದು ಮಗಳು ಅಂಗಲಾಚುವುದು ಫೋನಿನಲ್ಲಿ ಕೇಳಿಸುತ್ತಿತ್ತು. ಅಂಬುಜಾ ಕೈಸನ್ನೆ ಮಾಡಿ ಕಾಗದ, ಪೆನ್ನು ಕೇಳಿದಳು. ಮಾತು ನಿಂತ ಮೇಲೆ ಬೇಕು ಬೇಡಗಳನ್ನು ಮಗಳಿಗಾಗಿ ಇಂಗ್ಲಿಷಿನಲ್ಲಿ ಒಂದೆರಡು ಅಕ್ಷರ ಗೀಚಿ ತಿಳಿಸುತ್ತಿದ್ದಳು. ಈ ಸಲ ಬಹಳ ಹೊತ್ತು ಬರೆದಳು. ಶ್ರೀರಕ್ಷಾ ಕಾಗದವನ್ನು ಹಿಂದೆ ಮುಂದೆ ಮಾಡಿ ನೋಡಿ ಗಾಜಿನ ಹತ್ತಿರ ಬಂದಳು.

"ಅಪ್ಪ, ಅಮ್ಮ ಎಂತೋ ಕನ್ನಡದಲ್ಲಿ ಬರ್ದಿದ್ದಾಳೆ. ಮುಝೆ ಪಢ್‌ನಾ ನಹೀ ಆತಾ, ಯು ನೋ ನಾ. ನೀವೇ ಓದಿ."

ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಕಿವಿಗೆ ಬಂದಿತ್ತು, ಕಣ್ಣಿಗೆ ಬಂದಿರಲಿಲ್ಲ. ಮಗಳಿಗೆ ತಿಳಿಯಬಾರದೆಂದೇ ತಾಯಿ ಕನ್ನಡದಲ್ಲಿ ಬರೆದದ್ದು. ಆಕೆ ಕಾಗದವನ್ನು ಗಾಜಿಗೆ ಒತ್ತಿ ಹಿಡಿದಳು. ಅಕ್ಷರಗಳು ಸೊಟ್ಟಪಟ್ಟ ಇದ್ದವು, ಆದರೂ ಓದಬಹುದಿತ್ತು.

"ಬಾಯಿಗೆ ನೀರು ಬಿಡ್ಲಿಕ್ಕೆ ಶುರು ಮಾಡಿದ್ರಾ? ಡಾಕ್ಟ್ರು ಕೈ ಬಿಟ್ರು ಅಂತ ನನಗೆ ಹೇಳ್ಬಹುದಿತ್ತು. ಮಗುವಿನ ಕೈಯಿಂದ ಬೇಡ. ನೀವು ಬಂದು ಬಿಡಿ."

ಪ್ರಾಣ ಹೋಗುವ ಹೊತ್ತಿಗೆ ಬಾಯಿಗೆ ಬಿಡುವ ನೀರು! ಅಡುಗೆಯವನ ಹೆಂಡತಿ ಅಲ್ಲವೇ ಅವಳು? ಗಂಜಿ ಹೇಗಿರಬೇಕೆಂದು ಅವಳಿಗೆ ಯಾರು ಹೇಳಿಕೊಡಬೇಕು? ಗಂಡನಿಗೆ ಏನು ತೋರಿತೋ ಅದೇ ಅವಳಿಗೂ ತೋರಿತ್ತು.

"ರಕ್ಷಾ, ಫೋನು ಅಮ್ಮನ ಕಿವಿಗೆ ಹಿಡಿ," ಎಂದರು.

ಆಮೇಲೆ ಅವರು ಹೇಳಿದ್ದು ವಿಜ್ಞಾನ ಅಲ್ಲ. ಆ ಸರಪಳಿ, ಆ ಕಿರಣ, ಯಾವುದೂ ಬಾಯಿಗೆ ಬರಲಿಲ್ಲ. "ಅಂಬುಜಾ, ಅದು ನೀರಲ್ಲ ಮಾರಾಯ್ತಿ. ಅದು ಗಂಜಿ. ಸೌಟು ನಿಲ್ಲುವ ಹಾಗೆ ನಾನೇ ಮಾಡಿದ್ದು, ರಾಯರ ಯಂತ್ರದಲ್ಲಿ ಹಾಗಾದ್ದು. ನಾನೂ ನಿನ್ನ ಹಾಗೆ ನೀರು ಅಂತ ಎಣಿಸಿದೆ. ಹನ್ನೆರಡು ಪ್ಯಾಕೆಟ್ ಇತ್ತು. ಹಳಸಿತು ಅಂತ ಹನ್ನೆರಡೂ ಕತ್ತರಿಸಿ ನಾನೇ ಹಾಳು ಮಾಡಿದೆ. ಕೇಳ್ತಾ ಉಂಟಾ? ಡಾಕ್ಟ್ರು ಕೈ ಬಿಡ್ಲಿಲ್ಲ. ಕೈ ಬಿಟ್ಟದ್ದು ನಾನು. ನಾನು ಹೆಡ್ಡ, ಮುಠ್ಠಾಳ. ಇದೊಂದು ಉಳಿದದ್ದು ರಾಯರ ಪುಣ್ಯ. ಕುಡಿ ಮಾರಾಯ್ತಿ. ನಿನ್ನ ಕಾಲು ಹಿಡೀತೇನೆ, ಕುಡಿ."

ಲಿಫ್ಟಿನ ಹತ್ತಿರ ನಿಂತಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ನೋಡಿಕೊಳ್ಳಲಿ. ಐವತ್ತೆರಡರ ಗಂಡಸು ಗಾಜಿಗೆ ಹಣೆ ಒತ್ತಿ ಗೊಳೋ ಎಂದು ಅಳುತ್ತಿದ್ದರು.

ಅಂಬುಜಾ ಅವರನ್ನೇ ನೋಡಿದಳು. ಆಮೇಲೆ ಮಗಳ ಕಡೆ ತಿರುಗಿ ಬಾಯಿ ತೆರೆದಳು.

ಮೊದಲ ಚಮಚ ಇಳಿಯುವಾಗ ಅವಳ ಕತ್ತಿನ ನರಗಳು ಬಿಗಿದುಕೊಂಡವು, ಕಣ್ಣಂಚಿನಿಂದ ನೀರು ಹರಿಯಿತು. ಆದರೆ ಇಳಿಯಿತು. ಐದು ನಿಮಿಷ ಎಲ್ಲರೂ ಕಾದರು. ವಾಂತಿ ಬರಲಿಲ್ಲ. ಎರಡನೆಯದು ಇಳಿಯಿತು. ಹತ್ತನೆಯದು ಇಳಿಯಿತು. ಮೊದಲೆಲ್ಲ ನರ್ಸಿನ ಕಡೆ ನೋಡುತ್ತಿದ್ದ ಡಾಕ್ಟರ್ ಮ್ಯಾಡಮ್ ಈಗ ಗಾಜಿನ ಈಚೆ ಇದ್ದ ರಾಯರ ಕಡೆ ನೋಡಿ ತಲೆಯಾಡಿಸಿದರು. ಮೂರು ವರ್ಷದಿಂದ ಕಾಗದದ ಮೇಲಿದ್ದದ್ದು ಇಂದು ಒಂದು ಗಂಟಲಲ್ಲಿ ಇಳಿಯುತ್ತಿತ್ತು. ರಾಯರು ಆ ಸಂತೋಷವನ್ನು ಮುಖದ ಮೇಲೆ ತರಲಾರದೆ ನೆಲ ನೋಡಿದರು.

ಲೋಟ ಖಾಲಿಯಾಗಲು ಒಂದೂವರೆ ಗಂಟೆ ಹಿಡಿಯಿತು. ಅಂಬುಜಾಳ ಮುಖದಲ್ಲಿ ಬಣ್ಣ ಬಂದಂತೆ ಭಟ್ಟರಿಗೆ ಕಂಡಿತು. ನಿಜವೋ ಭ್ರಮೆಯೋ, ಒಂಬತ್ತು ದಿನದ ಮೇಲೆ ಅನ್ನ ಕಂಡ ಹೊಟ್ಟೆ. ಆಕೆ ಮತ್ತೆ ಕಾಗದ ಕೇಳಿದಳು. ಈ ಸಲ ಒಂದೇ ಪದ ಬರೆದಳು. ಶ್ರೀರಕ್ಷಾ ಅದನ್ನು ತಂದು ಗಾಜಿಗೆ ಹಿಡಿದಳು, ಅವಳ ಕಣ್ಣಲ್ಲಿ ನಗು ಇತ್ತು.

"ಅಪ್ಪ, ಎಂತ ಬರ್ದಿದ್ದು? ಖುಷಿಯಲ್ಲಿ ಇದ್ದಾಳೆ ಅಲ್ವಾ?"

ಕಾಗದದಲ್ಲಿ "ನಾಳೆಗೆ?" ಎಂದಿತ್ತು.

ಎರಡು ಗಂಟೆಯ ಹಿಂದೆ ಸಾಯಲು ಸಿದ್ಧವಾಗಿದ್ದವಳು ಈಗ ನಾಳೆಯ ಊಟ ಕೇಳುತ್ತಿದ್ದಾಳೆ. ಭಟ್ಟರು ಪಕ್ಕಕ್ಕೆ ತಿರುಗಿ ರಾಯರ ಮುಖ ನೋಡಿದರು. ರಾಯರು ತುಟಿ ಕಚ್ಚಿಕೊಂಡು ಇಲ್ಲವೆಂದು ತಲೆಯಾಡಿಸಿದರು. ಪಂಕ್ತಿಯಲ್ಲಿ ಕೂತವರು ಇನ್ನಷ್ಟು ಕೇಳಿದರೆ 'ಇಲ್ಲ' ಎಂಬ ಮಾತು ಅಡುಗೆಯವನ ಬಾಯಿಂದ ಬರಕೂಡದು. ಪಾತ್ರೆ ಬರಿದಾಗಿದ್ದರೂ 'ಉಂಟು, ತರ್ತೇನೆ' ಎಂದು ಒಳಗೆ ಓಡಬೇಕು. ಒಳಗೆ ಓಡಿದರೆ ಒಲೆ ಇರುತ್ತದೆ, ಅಕ್ಕಿ ಇರುತ್ತದೆ, ಏನಾದರೂ ಮಾಡಬಹುದು.

"ಉಂಟು," ಎಂದರು ಭಟ್ಟರು ಫೋನಿನಲ್ಲಿ. "ನಾಳೆಗೂ ಉಂಟು, ಪುನಃ ಮಾಡಿ ತರ್ತೇನೆ. ನೀನು ಈಗ ಮಲಗು."

ಅಂಬುಜಾ ನಂಬಿ ಕಣ್ಣು ಮುಚ್ಚಿಕೊಂಡಳು. ಪ್ರಯೋಗಾಲಯದ ಬಾಗಿಲು ತೆರೆಯಲು ಇನ್ನೂ ಹತ್ತು ದಿನವಿತ್ತು.